ಹಳೇ ಡಿ80 ಡೋಜರ್: ಇನ್ನೂ ದುಡ್ಡು ಸುರಿಯುವುದೋ, ಕೈ ತೊಳೆದುಕೊಳ್ಳುವುದೋ?

ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆ ಜಪಾನಿನ ಕೊಮಾಟ್ಸು ವಿನ್ಯಾಸದಂತೆ ಕಟ್ಟಿದ ಡಿ80ಎ-12 ಡೋಜರ್, ಅಂದರೆ ಚೈನಿನ ಮೇಲೆ ಓಡುತ್ತ ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಯಂತ್ರ, ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ಸೈನ್ಯ, ನೀರಾವರಿ ಕಾಮಗಾರಿ, ಗಣಿ ಎಲ್ಲ ಕಡೆ ದುಡಿದು ಹರಾಜಾಗಿ, ಮೂರು-ನಾಲ್ಕು ಕೈ ಬದಲಾಗಿ, ಈಗ ಎಲ್ಲೋ ಕ್ರಷರ್ ಹಿಂದೆ ಜಾಲಿ ಮುಳ್ಳಿನ ನಡುವೆ ನಿಂತಿರುತ್ತದೆ. 180 ಅಶ್ವಶಕ್ತಿ, ಹತ್ತಿರ ಹತ್ತಿರ 20 ಟನ್ ತೂಕ, ಕ್ಲಚ್ ಬಿಡಿಸಿ ಗೇರ್ ಹಾಕುವ ಡೈರೆಕ್ಟ್ ಡ್ರೈವ್. ಟಿ.ವಿ.ಯವರು ಬುಲ್ಡೋಜರ್ ಎಂದು ತೋರಿಸುವ ಹಳದಿ ಜೆಸಿಬಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇಂಥ ಯಂತ್ರ ಇಟ್ಟುಕೊಂಡವರು ಮಿಸ್ತ್ರಿಯನ್ನು ಕರೆಸಿದ ಕೂಡಲೇ ಕೇಳುವುದು ಎಂಜಿನ್ ವಿಷಯ. ಹೊಗೆ ಜಾಸ್ತಿ, ಬೋರ್ ಮಾಡಿಸಲಾ, ಇಲ್ಲ ಕೊಟ್ಟುಬಿಡಲಾ ಎಂದು. ಶುರುವೇ ತಪ್ಪು. ಚೈನ್ ಡೋಜರ್ ಒಂದರ ಆಯುಷ್ಯದ ರಿಪೇರಿ ಖರ್ಚಿನಲ್ಲಿ ಅರ್ಧದಷ್ಟು ಹೋಗುವುದು ಚೈನು, ಹಲ್ಲಿನ ಚಕ್ರ, ರೋಲರುಗಳೆಲ್ಲ ಸೇರಿದ ಅಂಡರ್‌ಕ್ಯಾರೇಜಿಗೆ. ಎಂಜಿನ್ ಖರ್ಚನ್ನು ಮೊದಲೇ ಲೆಕ್ಕ ಹಾಕಬಹುದು, ಭಾಗಗಳೂ ಸಿಗುತ್ತವೆ. ಮಾಲೀಕನನ್ನು ಮುಳುಗಿಸುವುದು ಹೊಟ್ಟೆಯ ಕೆಳಗಿನ ಕಬ್ಬಿಣ, ಮತ್ತು ಹಿಂಭಾಗದಲ್ಲಿ ಯಂತ್ರವನ್ನು ತಿರುಗಿಸುವ ಸ್ಟೀರಿಂಗ್ ಕ್ಲಚ್, ಚೈನಿಗೆ ಶಕ್ತಿ ಮುಟ್ಟಿಸುವ ಕೊನೆಯ ಗೇರುಗಳ ಫೈನಲ್ ಡ್ರೈವ್.

ನೋಡುವ ಮೊದಲು ವಾಟರ್ ಸರ್ವಿಸ್ ಮಾಡಿಸಿ. ಗ್ರೀಸು ಮಣ್ಣು ಹತ್ತಿದ ಯಂತ್ರದಲ್ಲಿ ಬಿರುಕೂ ಕಾಣದು, ಸೋರಿಕೆಯೂ ಕಾಣದು. ಆಮೇಲೆ ಟೇಪು ಹಿಡಿದು ಚೈನಿನ ಹತ್ತಿರ ಕೂರಿ. ಚೈನನ್ನು ಎಳೆಯುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲಿಗೂ ಚೈನಿಗೂ ನಡುವೆ ಒಂದು ಹಳೇ ಪಿನ್ ಇಟ್ಟು ಯಂತ್ರವನ್ನು ಮೆಲ್ಲಗೆ ರಿವರ್ಸ್ ತೆಗೆದರೆ ಮೇಲಿನ ಚೈನು ಬಿಗಿಯುತ್ತದೆ. ಸಡಿಲ ಚೈನನ್ನು ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಚೈನನ್ನು ಬಿಚ್ಚಿ ಜೋಡಿಸುವ ಮಾಸ್ಟರ್ ಪಿನ್ ಇರುವ ಜಾಗ ಬಿಟ್ಟು, ಒಂದು ಪಿನ್ನಿನ ನಡುಮಧ್ಯದಿಂದ ನಾಲ್ಕು ಲಿಂಕ್ ದಾಟಿ ಐದನೇ ಪಿನ್ನಿನ ನಡುಮಧ್ಯದವರೆಗೆ ಅಳೆಯಿರಿ. ಡಿ80ರ ಹೊಸ ಚೈನಿನ ಪಿಚ್, ಅಂದರೆ ಪಿನ್ನಿನಿಂದ ಪಿನ್ನಿಗೆ ಅಂತರ, 216.3 ಮಿ.ಮೀ., ಅಂದರೆ ನಾಲ್ಕು ಲಿಂಕಿಗೆ 865. ಒಂದು ಲಿಂಕಿಗೆ 3 ಮಿ.ಮೀ. ಹಿಗ್ಗಿದರೆ ಮಿತಿ ಮುಟ್ಟಿತು, ನಾಲ್ಕಕ್ಕೆ 877. ಎರಡೂ ಕಡೆ, ಮೂರು ಮೂರು ಜಾಗದಲ್ಲಿ ಅಳೆದು ಬರೆದಿಡಿ.

865ಕ್ಕೂ 877ಕ್ಕೂ ನಡುವೆ ಇದ್ದರೆ ಯಂತ್ರಕ್ಕೆ ಇನ್ನೂ ಜೀವ ಇದೆ. ಚೈನು ಸವೆದ ಹಾಗೆ ಉದ್ದವಾಗುವುದು ಪಿನ್ನೂ ಅದರ ಸುತ್ತಲಿನ ಕೊಳವೆಯಾದ ಬುಷ್ಷೂ ಒಂದೇ ಮಗ್ಗುಲಲ್ಲಿ ಉಜ್ಜುವುದರಿಂದ. ಟ್ರ್ಯಾಕ್ ಪ್ರೆಸ್‌ಗೆ ಹಾಕಿ ಎರಡನ್ನೂ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬರುತ್ತದೆ, ಹೊಸ ಚೈನಿನ ಖರ್ಚು ಮುಂದಕ್ಕೆ ಹೋಗುತ್ತದೆ. ಇದಕ್ಕೆ ಸಮಯ ಮೀರಬಾರದು. ಬುಷ್ಷಿನ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆತ್ತನೆ ಉಕ್ಕು. ಪದರ ಸವೆದು ಹೋದ ಮೇಲೆ ಸವೆತ ಓಡುತ್ತದೆ, ಬುಷ್ಷು ಸೀಳುತ್ತದೆ. ಆಗ ತಿರುಗಿಸಿದ ಕೂಲಿಯೂ ದಂಡ. 877 ದಾಟಿದ ಚೈನು ಒಮ್ಮೆ ತಿರುಗಿಸಿದ್ದೇ ಆಗಿದ್ದರೆ, ಅದು ಮುಗಿದ ಚೈನು.

ಚೈನು ತಿರುಗಿಸಿದರೂ ಹೊಸದು ಹಾಕಿದರೂ ಚೂಪಾದ ಹಳೇ ಸ್ಪ್ರಾಕೆಟ್ ಉಳಿಸಿಕೊಳ್ಳಬೇಡಿ. ಹಿಗ್ಗಿದ ಪಿಚ್ಚಿಗೆ ಸವೆದ ಹಲ್ಲು ಹೊಸ ಬುಷ್ಷನ್ನು ಕೆಲವೇ ತಿಂಗಳಲ್ಲಿ ತಿನ್ನುತ್ತದೆ. ಸ್ಪ್ರಾಕೆಟ್ ಎಳೆಯಲು ದೊಡ್ಡ ಹೈಡ್ರಾಲಿಕ್ ಪುಲ್ಲರ್ ಸಿಗದ ಊರಲ್ಲಿ ಹಳೇ ಹಲ್ಲಿನ ಸುತ್ತನ್ನು ಗ್ಯಾಸಿನಲ್ಲಿ ಕತ್ತರಿಸಿ ಹೊಸ ರಿಮ್ ವೆಲ್ಡ್ ಮಾಡುತ್ತಾರೆ. ಸುತ್ತು ಸರಿಯಾಗಿ ಸೆಂಟರ್ ಆಗಿದ್ದರೆ ಅದೂ ಚೆನ್ನಾಗಿಯೇ ನಡೆಯುತ್ತದೆ. ವೆಲ್ಡಿಂಗ್ ಮುಗಿಸುವ ಮೊದಲು ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡುವ ಮಿಸ್ತ್ರಿಗೇ ಕೊಡಿ, ಕಣ್ಣಳತೆಯವರಿಗೆ ಬೇಡ.

ನೆಲಕ್ಕೆ ತಾಗುವ ಉಕ್ಕಿನ ಹಲಗೆಯಾದ ಶೂ ಮೇಲಿನ ಏಣು 25 ಮಿ.ಮೀ.ಗೆ ಇಳಿದಿದ್ದರೆ ಹಿಡಿತ ಹೋಯಿತು ಎಂದೇ ಅರ್ಥ. ಪಟ್ಟಿ ವೆಲ್ಡ್ ಮಾಡಿಸಬಹುದು, ಆದರೆ ಲಿಂಕು ಮುಗಿದ ಚೈನಿಗೆ ಪಟ್ಟಿ ಹಾಕಿಸುವುದು ಹರಿದ ಚಪ್ಪಲಿಗೆ ಹೊಸ ಅಟ್ಟೆ ಹೊಡೆಸಿದ ಹಾಗೆ. ರೋಲರುಗಳಲ್ಲಿ ಎರಡೇ ವಿಷಯ: ಬದಿಯಲ್ಲಿ ಎಣ್ಣೆ ಒಸರಿದೆಯೇ, ಅಂಚು ಸವೆದು ಲಿಂಕಿನ ಪಿನ್ ತಲೆ ಉಜ್ಜುತ್ತಿದೆಯೇ. ಅರ್ಧ ಗಂಟೆ ಓಡಿಸಿ ಕೈ ಇಟ್ಟು ನೋಡಿ. ಉಳಿದವುಗಳಿಗಿಂತ ಜಾಸ್ತಿ ಸುಡುವ ರೋಲರ್ ಒಳಗೆ ಒಣಗಿದೆ.

ಒಂದು ಹಳೇ ಕೈಚಳಕ ಇದೆ, ಕೊಳ್ಳುವವರು ಗಮನಿಸಬೇಕು. ಚೈನು ಹಿಗ್ಗಿ ಟೆನ್ಷನ್ ಸಿಲಿಂಡರ್ ಪೂರ್ತಿ ಹೊರಬಂದರೂ ಜೋತಾಡುತ್ತಿದ್ದರೆ, ಒಂದು ಲಿಂಕ್ ಕಿತ್ತು ಜೋಡಿಸಿ ಮಾರುತ್ತಾರೆ. ಎರಡೂ ಕಡೆ ಲಿಂಕ್ ಎಣಿಸಿ, ಪಾರ್ಟ್ಸ್ ಬುಕ್ಕಿನ ಸಂಖ್ಯೆಗೆ ಹೋಲಿಸಿ. ಕಡಿಮೆ ಬಂದರೆ ಬೇರೇನೂ ನೋಡಬೇಕಿಲ್ಲ, ಚೈನಿಗೆ ಬೆಲೆ ಕಟ್ಟಬೇಡಿ. ಇನ್ನು ಸ್ವಂತ ಯಂತ್ರದಲ್ಲಿ ಮುಂದಿನ ಗಾಲಿಯಾದ ಐಡ್ಲರಿಗೂ ಚೈನನ್ನು ಮೇಲೆ ಹೊರುವ ಟಾಪ್ ರೋಲರಿಗೂ ನಡುವೆ ನೇರ ಪಟ್ಟಿ ಇಟ್ಟಾಗ ಚೈನು 20ರಿಂದ 30 ಮಿ.ಮೀ. ಜೋತಿರಬೇಕು. ಸಿಂಧನೂರು, ಗಂಗಾವತಿ ಕಡೆಯ ಎರೆ ಮಣ್ಣು ಸ್ಪ್ರಾಕೆಟ್ಟಿನಲ್ಲಿ ತುಂಬಿಕೊಂಡು ಚೈನನ್ನು ತಾನೇ ಬಿಗಿ ಮಾಡುತ್ತದೆ, ಅದಕ್ಕೇ ಅಲ್ಲಿ ಕೆಲಸದ ಜಾಗದಲ್ಲೇ, ಮಣ್ಣು ಹತ್ತಿದ ಸ್ಥಿತಿಯಲ್ಲೇ ಅಡ್ಜಸ್ಟ್ ಮಾಡಬೇಕು. ಸಡಿಲಿಸುವಾಗ ಗ್ರೀಸ್ ಪ್ಲಗ್ಗನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ, ಮುಖ ಎದುರಿಗೆ ಇಡಬೇಡಿ. ಒಳಗಿನ ಒತ್ತಡಕ್ಕೆ ಪ್ಲಗ್ಗು ಗುಂಡಿನಂತೆ ಹಾರುತ್ತದೆ.

ಹಿಂಭಾಗಕ್ಕೆ ಬನ್ನಿ. ಯಂತ್ರ ಒಂದಷ್ಟು ಹೊತ್ತು ಓಡಿ, ಆಮೇಲೆ ಒಂದು ಗಂಟೆ ನಿಂತಿರಲಿ. ಫೈನಲ್ ಡ್ರೈವಿನ ಕೆಳಗಿನ ಪ್ಲಗ್ ಸಡಿಲಿಸಿ ಮೊದಲು ಇಳಿಯುವ ಒಂದು ಲೋಟ ಎಣ್ಣೆಯನ್ನು ಬಿಳಿ ಬಟ್ಟೆ ಹಾಸಿದ ತಟ್ಟೆಗೆ ಹಿಡಿಯಿರಿ. ತಳದ ನೀರೂ ಕಬ್ಬಿಣವೂ ಮೊದಲು ಬರುವುದೇ ಇಲ್ಲಿ. ಬಟ್ಟೆಯ ಮೇಲೆ ಬೂದುಬಣ್ಣದ ನಯವಾದ ಕೆಸರು ಉಳಿದರೆ ವಯಸ್ಸಿನ ಸವೆತ, ಹೆದರಬೇಕಿಲ್ಲ. ಹಾಲು ಬೆರೆಸಿದಂತೆ ಬಿಳಿಚಿದ್ದರೆ ಫ್ಲೋಟಿಂಗ್ ಸೀಲ್ ಹೋಗಿ ನೀರು ಸೇರಿದೆ. ಉಗುರಿನಲ್ಲಿ ಎತ್ತಬಹುದಾದ ಚೂರು ಮಿನುಗಿದರೆ ಗೇರಿನ ಹಲ್ಲೋ ಬೇರಿಂಗೋ ಸಿಪ್ಪೆ ಏಳುತ್ತಿದೆ. ಈ ಕೊನೆಯದು ಒಂದೇ ಸಾಕು, ರಿಪೇರಿ ಅಂದಾಜನ್ನು ಪೂರ್ತಿ ಬದಲಾಯಿಸುತ್ತದೆ.

ಕ್ಲಚ್ ಪರೀಕ್ಷೆಗೆ ಬ್ಲೇಡನ್ನು ದಿಬ್ಬಕ್ಕೆ ತಗುಲಿಸಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಎರಡೂ ಬ್ರೇಕ್ ಒತ್ತಿ, ಮೇಲಿನ ಗೇರಿನಲ್ಲಿ ಮೇನ್ ಕ್ಲಚ್ ಕೂರಿಸಿ. ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಗುಂಯ್ ಎನ್ನುತ್ತಿದ್ದರೆ ಮೇನ್ ಕ್ಲಚ್ ಜಾರುತ್ತಿದೆ. ಆಮೇಲೆ ಎಡ ಲಿವರ್ ಎಳೆದು ಬಲ ಬ್ರೇಕ್ ಮಾತ್ರ ಒತ್ತಿ ಅದೇ ಪರೀಕ್ಷೆ ಮಾಡಿ, ಬಲಗಡೆಯ ಕ್ಲಚ್ಚು-ಬ್ರೇಕು ಗೊತ್ತಾಗುತ್ತದೆ. ಇನ್ನೊಂದು ಕಡೆಗೆ ತಿರುಗುಮುರುಗು. ಒಣ ಕ್ಲಚ್ ಇರುವ ಯಂತ್ರದಲ್ಲಿ ಸ್ಟೀರಿಂಗ್ ಕೇಸಿನ ತಳದ ಪ್ಲಗ್ಗನ್ನೂ ಬಿಚ್ಚಿ ನೋಡಿ. ಅಲ್ಲಿ ಎಣ್ಣೆ ಧಾರೆಯಾಗಿ ಬಂದರೆ ಬೆವೆಲ್ ಗೇರ್ ಕಡೆಯ ಸೀಲು ಬಿಟ್ಟಿದೆ. ಪ್ಲೇಟ್ ಮಾತ್ರ ಬದಲಿಸಿ ಸೀಲ್ ಬಿಟ್ಟರೆ ಮತ್ತೆ ಅದೇ ಹಾಡು. ಇದಕ್ಕೆ ಕೈ ಹಾಕಿದರೆ ಡೀಸೆಲ್ ಟ್ಯಾಂಕು, ಸೀಟು ಎಲ್ಲ ಎತ್ತಬೇಕು. ಹಾಗಾಗಿ ಒಂದು ಕಡೆ ಜಾರಿದರೂ ಎರಡೂ ಕಡೆ ಮಾಡಿಸುವುದೇ ಲೇಸು. ಎರಡನೇ ಸಲದ ಕ್ರೇನ್ ಬಾಡಿಗೆ ಉಳಿಯುತ್ತದೆ.

ಎಂಜಿನ್ನಿನ ಪ್ಲೇಟ್ ಓದದೆ ಕಿಟ್ ತರಬೇಡಿ. ಹರಾಜಿನಲ್ಲಿ ಬಂದ ಹಳೇ ಯಂತ್ರಗಳಲ್ಲಿ ಎಂಜಿನ್ ಬದಲಾಗಿರುವುದೂ ಉಂಟು. ಕಮಿನ್ಸ್‌ನ ಎನ್‌ಎಚ್-220, ಎನ್‌ಟಿ-743 ಬೇರೆ, ಎನ್‌ಟಿ-855 ಬೇರೆ: ಮೊದಲಿನವುಗಳ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 130 ಮಿ.ಮೀ., 855ರದ್ದು 140. ಆರು ಸಿಲಿಂಡರಿಗೆ ಮೂರು ಹೆಡ್, ಪಿಟಿ ಡೀಸೆಲ್ ಪಂಪು ಎನ್ನುವುದು ಮಾತ್ರ ಎಲ್ಲಕ್ಕೂ ಒಂದೇ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಉಗಿಬಂಡಿಯಂತೆ ಬುಸುಗುಟ್ಟಿದರೆ ಪಿಸ್ಟನ್ನಿನ ರಿಂಗು, ಅದು ಓಡುವ ಕೊಳವೆಯಾದ ಲೈನರ್ ಮುಗಿದಿವೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಅಥವಾ ಗ್ಯಾಸ್ಕೆಟ್. ಆಯಿಲಿನಲ್ಲಿ ನೀರಿದ್ದರೆ ಲೈನರಿನ ರಬ್ಬರ್ ರಿಂಗುಗಳನ್ನೂ ಅನುಮಾನಿಸಿ. ನಮ್ಮ ಕಡೆ ರೇಡಿಯೇಟರಿಗೆ ನೇರ ಬೋರ್‌ವೆಲ್ ನೀರು ಸುರಿಯುವ ಚಾಳಿ ಇರುವುದರಿಂದ ಲೈನರ್ ಕಿತ್ತರೆ ಹೊರಮೈ ತುಂಬ ಹುಳು ಕೊರೆದಂಥ ತೂತುಗಳು ಸಿಗುತ್ತವೆ. ಕೂಲಂಟ್ ಹಾಕದೆ ಇದ್ದದ್ದರ ಫಲ ಅದು.

ಹೊಸ ಲೈನರ್ ಕೂರಿಸಿದ ಮೇಲೆ ಅದು ಬ್ಲಾಕಿನ ಮೇಲ್ಮೈಗಿಂತ 0.08ರಿಂದ 0.15 ಮಿ.ಮೀ. ಎದ್ದಿರಬೇಕು. ತಗ್ಗಿದ್ದರೆ ಕೂರುವ ಅಂಚನ್ನು ಕತ್ತರಿಸಿ ತೆಳು ತಗಡಿನ ಶಿಮ್ ಕೊಡಬೇಕು. ಇದನ್ನು ಅಳೆಯದೆ ಹೆಡ್ ಮುಚ್ಚಿದ ಎಂಜಿನ್ನಿನ ಗ್ಯಾಸ್ಕೆಟ್ ಭಾರಕ್ಕೆ ಹೋದ ಕೂಡಲೇ ಹಾರುತ್ತದೆ, ಬೈಗುಳ ಮಾತ್ರ ಗ್ಯಾಸ್ಕೆಟ್ ಅಂಗಡಿಯವನಿಗೆ. ಕ್ರ್ಯಾಂಕ್ 0.25, 0.50, 0.75, 1.00 ಮಿ.ಮೀ. ಹೀಗೆ ಸೈಜು ಇಳಿಸುತ್ತ ಹೋಗುವುದು. ಈಗಾಗಲೇ 1.00ಕ್ಕೆ ಬಂದ ಕ್ರ್ಯಾಂಕಿಗೆ ಮತ್ತೆ ಗ್ರೈಂಡಿಂಗ್ ಇಲ್ಲ.

ಗಂಟೆ ಮೀಟರ್ ಕಡಿಮೆ ತೋರಿಸಿದರೂ ಹಿಗ್ಗಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳು ನಿಂತಾಗ ಯಂತ್ರಗಳೂ ಬಿಸಿಲು ಮಳೆಗೆ ನಿಂತವು. ಓಡದ ಯಂತ್ರದಲ್ಲಿ ಸೀಲು ಗಟ್ಟಿಯಾಗುತ್ತದೆ, ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟುತ್ತದೆ, ಚೈನಿನ ಲಿಂಕುಗಳು ಮಡಚದೆ ಕೋಲಿನಂತೆ ನಿಲ್ಲುತ್ತವೆ.

ಇಷ್ಟು ತಿಳಿದ ಮೇಲೆ ಲೆಕ್ಕ. ಒಟ್ಟು ರಿಪೇರಿಯನ್ನು ಅದರಿಂದ ಸಿಗುವ ಗಂಟೆಗೆ ಭಾಗಿಸಿ. ಉದಾಹರಣೆಗೆ 12 ಲಕ್ಷ ಹಾಕಿ 3,000 ಗಂಟೆ ಓಟ ಸಿಗುತ್ತದೆ ಎಂದುಕೊಳ್ಳಿ, ಗಂಟೆಗೆ 400 ರೂಪಾಯಿ ಆಯಿತು. ಭಾರಕ್ಕೆ ತಕ್ಕಂತೆ ಗಂಟೆಗೆ 18ರಿಂದ 25 ಲೀಟರ್ ಡೀಸೆಲ್, ಆಪರೇಟರ್ ಸಂಬಳ, ಯಂತ್ರ ಸಾಗಿಸುವ ಲೋಬೆಡ್ ಲಾರಿಯ ಬಾಡಿಗೆ ಇದರ ಮೇಲೆ. ವರ್ಷಕ್ಕೆ 1,000 ಗಂಟೆ ಕೆಲಸ ಇದ್ದರೆ ಮೂರೇ ವರ್ಷದಲ್ಲಿ ಹಾಕಿದ್ದು ಬರುತ್ತದೆ, ರಿಪೇರಿ ಮಾಡಿಸಿ. ವರ್ಷಕ್ಕೆ 300 ಗಂಟೆಯಾದರೆ ಹತ್ತು ವರ್ಷ ದುಡ್ಡು ಕಬ್ಬಿಣದಲ್ಲಿ ಹೂತಿರುತ್ತದೆ. ಗದ್ದೆ ಮಟ್ಟ ಮಾಡುವ ಕೆಲಸದ ಕೊನೆಯ ಪದರವನ್ನು ಟ್ರ್ಯಾಕ್ಟರಿನ ಲೇಸರ್ ಲೆವೆಲರ್ ಕಿತ್ತುಕೊಂಡಿದೆ, ಅಗೆಯುವುದನ್ನು ಹಿಟಾಚಿ. ಡೋಜರಿಗೆ ಉಳಿದದ್ದು ಮಣ್ಣನ್ನು ಐವತ್ತು ಅರವತ್ತು ಮೀಟರ್ ತಳ್ಳುವ ಕೆಲಸ, ರಿಪ್ಪರ್ ಹಾಕಿ ಮೊರಂ ಎಬ್ಬಿಸುವುದು, ಗಣಿಯ ಡಂಪ್ ಯಾರ್ಡ್. ಇವುಗಳಲ್ಲಿ ಒಂದಾದರೂ ಕೈಯಲ್ಲಿ ಖಾಯಂ ಇಲ್ಲದವರು ಮಾರುವುದೇ ಸರಿ.

ಒಟ್ಟಾರೆ ತೀರ್ಪು ಕೇಳಿದರೆ: ಚೈನು ಮಿತಿಯೊಳಗಿದ್ದು ಎಂಜಿನ್ ಮಾತ್ರ ಹೋಗಿದ್ದರೆ ರಿಪೇರಿ. ಎಂಜಿನ್ ಚೆನ್ನಾಗಿದ್ದು ಚೈನು, ಸ್ಪ್ರಾಕೆಟ್, ರೋಲರ್ ಎಲ್ಲ ಒಟ್ಟಿಗೆ ಮುಗಿದಿದ್ದರೆ ಕೆಲಸದ ಗಂಟೆ ನೋಡಿ ತೀರ್ಮಾನ. ಅಂಡರ್‌ಕ್ಯಾರೇಜ್ ಜೊತೆಗೆ ಫೈನಲ್ ಡ್ರೈವಿನಲ್ಲಿ ಚೂರು ಸಿಕ್ಕಿದ್ದರೆ, ಅಥವಾ ಟ್ರ್ಯಾಕ್ ಫ್ರೇಮ್ ಬಿರುಕು ಬಿಟ್ಟು ಹಳೇ ವೆಲ್ಡಿಂಗಿನ ಮೇಲೆ ವೆಲ್ಡಿಂಗ್ ಕಂಡಿದ್ದರೆ, ಮಾರಿ.

ಮಾರಲು ನಿಶ್ಚಯಿಸಿದವರು ಚೈನಿಗೆ ಒಂದು ರೂಪಾಯಿಯೂ ಹಾಕಬಾರದು. ಹಾಕಿದಷ್ಟು ಬೆಲೆಯಲ್ಲಿ ಏರುವುದಿಲ್ಲ. ಹೊಸ ಪೇಂಟ್ ಕೂಡ ಬೇಡ, ತಿಳಿದವರು ಅದನ್ನು ಕಂಡರೆ ಬಿರುಕು ಹುಡುಕಲು ಶುರುಮಾಡುತ್ತಾರೆ. ಬ್ಯಾಟರಿ ಮಾತ್ರ ಚೆನ್ನಾಗಿರುವುದು ಹಾಕಿ, ತಣ್ಣನೆಯ ಎಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು, ಬ್ಲೇಡ್ ಎತ್ತಿ, ಎರಡೂ ಕಡೆ ತಿರುಗುವುದನ್ನು ವೀಡಿಯೊ ಮಾಡಿ ಕಳಿಸಿ. ತಾನೇ ನಡೆದು ಲೋಬೆಡ್ ಹತ್ತುವ ಯಂತ್ರಕ್ಕೂ ಕ್ರೇನಿನಲ್ಲಿ ಎತ್ತಬೇಕಾದ ಯಂತ್ರಕ್ಕೂ ಬೆಲೆಯಲ್ಲಿ ದೊಡ್ಡ ಅಂತರ. ಆರ್‌ಸಿ ಇಲ್ಲದ ಚೈನ್ ಯಂತ್ರಕ್ಕೆ ಮೂಲ ಇನ್‌ವಾಯ್ಸೋ ಹರಾಜಿನ ಡೆಲಿವರಿ ಆರ್ಡರೋ ಮುಖ್ಯ ದಾಖಲೆ. ಅದರ ಚಾಸಿಸ್ ನಂಬರ್ ಯಂತ್ರದ ನಂಬರಿಗೆ ಹೊಂದಬೇಕು, ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆಗಿರಲಿ.

ಗುಜರಿಗೇ ಕೊಡುವುದಾದರೆ ಇಡೀ ಯಂತ್ರವನ್ನು ಕಿಲೋ ಲೆಕ್ಕದಲ್ಲಿ ತೂಗಿಸಬೇಡಿ. ಓಡುವ ಎಂಜಿನ್, ರೇಡಿಯೇಟರ್, ಹೈಡ್ರಾಲಿಕ್ ಪಂಪು, ರಿಪ್ಪರ್, ಬ್ಲೇಡಿನ ಸಿಲಿಂಡರುಗಳನ್ನು ಮೊದಲು ಬಿಚ್ಚಿ ಬೇರೆ ಮಾರಿ. ಉಳಿದದ್ದನ್ನು ಗ್ಯಾಸ್ ಕಟಿಂಗ್ ಖರ್ಚು ಯಾರದು ಎಂದು ಮೊದಲೇ ಮಾತಾಡಿಕೊಂಡು, ನೀವು ಆರಿಸಿದ ವೇಬ್ರಿಡ್ಜ್‌ನಲ್ಲೇ, ಖಾಲಿ ಲಾರಿಯ ತೂಕದ ಚೀಟಿ ಕೈಗೆ ಬಂದ ಮೇಲೆ ಲೋಡ್ ಮಾಡಿಸಿ.