ಪಿಎಚ್‌ಪಿಮೈಅಡ್ಮಿನ್ ಬೇಕಾ, ಅಡ್ಮಿನರ್ ಸಾಕಾ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಿಮ್ಮದೊಂದು ಅಂಗಡಿ, ಅದರ ಸ್ಟಾಕ್ ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿದೆ (ಮಾಹಿತಿ ಜೋಡಿಸಿಡುವ ಸಾಫ್ಟ್‌ವೇರ್) ಅಂದುಕೊಳ್ಳಿ. ಬ್ರೌಸರ್‌ನಲ್ಲೇ ಅದನ್ನು ನೋಡಿ ತಿದ್ದಲು ಎರಡು ಉಚಿತ ಟೂಲ್‌ಗಳಿವೆ: ಪಿಎಚ್‌ಪಿಮೈಅಡ್ಮಿನ್, ಅಡ್ಮಿನರ್.

ಪಿಎಚ್‌ಪಿಮೈಅಡ್ಮಿನ್ ವಯಸ್ಸಿನಲ್ಲಿ ದೊಡ್ಡದು. ಟೋಬಿಯಾಸ್ ರಾಟ್ಷಿಲ್ಲರ್ 1998ರಲ್ಲಿ ಶುರು ಮಾಡಿದರು. ಆಮೇಲೆ ಅವರಿಗೆ ಪುರುಸೊತ್ತಾಗಲಿಲ್ಲ. 2001ರಲ್ಲಿ ಒಲಿವಿಯರ್ ಮುಲ್ಲರ್, ಮಾರ್ಕ್ ಡೆಲಿಲ್, ಲೋಯಿಕ್ ಶಾಪೋ ಸೇರಿ ಅದನ್ನು ಕೈಗೆತ್ತಿಕೊಂಡರು. ಕೋಡ್ ಎಲ್ಲರಿಗೂ ತೆರೆದಿತ್ತಲ್ಲ, ಅದಕ್ಕೇ ಉಳಿಯಿತು. ನಮ್ಮ ಕಂಪ್ಯೂಟರನ್ನೇ ವೆಬ್ ಸರ್ವರ್ ಮಾಡಿಕೊಳ್ಳುವ ಕ್ಸಾಂಪ್ ಅನ್ನೋ ಪ್ಯಾಕೇಜ್ ಹಾಕಿಕೊಂಡರೆ ಜೊತೆಗೇ ಬರುತ್ತದೆ. ಹಾಗಾಗಿ ಕಾಲೇಜು ಹುಡುಗರಿಗೆ ಇದರ ಪರಿಚಯ ಜಾಸ್ತಿ. ಏನಾದರೂ ಸಿಕ್ಕಿಹಾಕಿಕೊಂಡರೆ ಕೇಳಲು ಜನ ಸಿಗುತ್ತಾರೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಲಾಭ. ಆದರೆ ಮೈಎಸ್‌ಕ್ಯೂಎಲ್, ಮಾರಿಯಾಡಿಬಿ ಬಿಟ್ಟು ಬೇರೆ ಡೇಟಾಬೇಸ್‌ಗೆ ಆಗುವುದಿಲ್ಲ.

ಅಡ್ಮಿನರ್ ಅನ್ನು ಯಾಕುಬ್ ವ್ರಾನಾ 2007ರಲ್ಲಿ ಶುರು ಮಾಡಿದರು. ಮೊದಲು ಅದರ ಹೆಸರು ಪಿಎಚ್‌ಪಿಮಿನ್‌ಅಡ್ಮಿನ್. ಇಡೀ ಟೂಲ್ ಒಂದೇ ಫೈಲ್! ಸರ್ವರ್‌ಗೆ ಹಾಕಿ, ಕೆಲಸ ಮುಗಿಸಿ, ಅಳಿಸಿಬಿಡಬಹುದು. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ನಂಥ ಬೇರೆ ಡೇಟಾಬೇಸ್‌ಗಳನ್ನೂ ತೆರೆಯುತ್ತದೆ. ಅಳಿಸಲು ಮರೆತರೆ ಮಾತ್ರ ಕಷ್ಟ. 4.6.3ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಸರ್ವರ್‌ನ ಫೈಲ್‌ಗಳನ್ನು ಹೊರಗಿನವರು ಓದಬಹುದಾದ ದೋಷವಿತ್ತು. ಹಳೆಯದನ್ನು ಸುಮ್ನೆ ಬಿಡಬೇಡಿ.

ಅಂಗಡಿಯ ಹುಡುಗ ದಿನಾ ಕೂತು ಲೆಕ್ಕ ನೋಡುತ್ತಾನಾ? ಪಿಎಚ್‌ಪಿಮೈಅಡ್ಮಿನ್ ಹಾಕಿಕೊಡಿ. ಹಲವರ ಸರ್ವರ್ ನೋಡಿಕೊಳ್ಳುವವರು ನೀವಾದರೆ ಅಡ್ಮಿನರ್ ತಗೊಳ್ಳಿ.