ಬೆಕ್ಕಿಗೆ ಕಟ್ಟಿಸಿದ ಜಾಲರಿ ಮನೆ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮೈಸೂರಿನ ಲಿಂಗಾಂಬುಧಿ ಕೆರೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ನಮ್ಮ ಮನೆಯಿದೆ. ಹಿತ್ತಲಿನಲ್ಲಿ ಒಂದು ಸೀಬೆ ಮರ, ಎರಡು ದಾಸವಾಳ, ಒಂದು ಕರಿಬೇವು. ನಮ್ಮ ಬೆಕ್ಕು ಗುಂಡ ಒಂದು ಬೇಸಿಗೆಯಲ್ಲಿ ಅಡುಗೆಮನೆಯ ಹೊಸ್ತಿಲಿಗೆ ಏನೇನು ತಂದು ಹಾಕಿದ ಎಂಬುದನ್ನು ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾ ಹೋದೆ: ಮೂರು ಹಾವುರಾಣಿ, ಎರಡು ಓತಿಕ್ಯಾತ, ಒಂದು ಅಳಿಲಿನ ಮರಿ, ಒಂದು ಸೂರಕ್ಕಿ, ಗೂಡು ಬಿಟ್ಟರೂ ಇನ್ನೂ ಸರಿಯಾಗಿ ಹಾರಲು ಬಾರದ ಪಿಕಳಾರದ ಎರಡು ಮರಿಗಳು. ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುವ ಅವನು ಇವುಗಳಲ್ಲಿ ಒಂದನ್ನೂ ತಿನ್ನಲಿಲ್ಲ. ಹಸಿದ ಬೆಕ್ಕು ಮಾತ್ರ ಬೇಟೆಯಾಡುತ್ತದೆ ಎಂದು ನಂಬಿಕೊಂಡಿದ್ದ ನಾನು ಪರಿಹಾರ ಹುಡುಕತೊಡಗಿದ್ದು ಆಗ.

ಮೊದಲು ಕೊಂಡದ್ದು 150 ರೂಪಾಯಿಯ ಗೆಜ್ಜೆ ಪಟ್ಟಿ. ಗುಂಡ ಒಂದೇ ವಾರದಲ್ಲಿ ಗೆಜ್ಜೆ ಅಲುಗದಂತೆ ನೆಲಕ್ಕೆ ಅಂಟಿಕೊಂಡು ತೆವಳುವುದನ್ನು ಕಲಿತ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 355 ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಗೆಜ್ಜೆಯಿಂದ ಹೇಳಿಕೊಳ್ಳುವಂಥ ಪರಿಣಾಮ ಕಂಡಿರಲಿಲ್ಲವೆಂದು ಆಮೇಲೆ ಓದಿದೆ. ಅದೇ ಅಧ್ಯಯನದಲ್ಲಿ ಕೊರಳಿಗೆ ಹಾಕುವ, ಎದ್ದುಕಾಣುವ ಬಣ್ಣಗಳ ಬಟ್ಟೆಯ ಪಟ್ಟಿಯಿಂದ ಮನೆಗೆ ತರುವ ಹಕ್ಕಿಗಳ ಸಂಖ್ಯೆ ಶೇಕಡ 42ರಷ್ಟು ಇಳಿದಿತ್ತು. ಆದರೆ ಇಲಿ, ಅಳಿಲಿನಂಥ ಪ್ರಾಣಿಗಳಿಗೆ ಅದರಿಂದಲೂ ಉಪಯೋಗವಿಲ್ಲ. ಗೆಜ್ಜೆಯಿಂದ ನೆಮ್ಮದಿ ಸಿಗುವುದು ಸಾಕಿದವರಿಗೆ, ಹಕ್ಕಿಗಲ್ಲ.

ಎರಡನೆಯ ಪ್ರಯತ್ನವನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟುವವರನ್ನು ಕರೆಸಿ, ಚದರಡಿಗೆ 20 ರೂಪಾಯಿಯಂತೆ ಹಿತ್ತಲಿನ ಒಂದು ಭಾಗಕ್ಕೆ ನೈಲಾನ್ ಬಲೆ ಬಿಗಿಸಿದೆ. ಅವರು ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸಿದರು, ಆದರೆ ಬಲೆಯ ಕೆಳ ಅಂಚನ್ನು ಬಿಗಿಯದೆ ಒಂದು ಗೇಣಿನಷ್ಟು ನೆಲದ ಮೇಲೆ ಹಾಗೆಯೇ ಸಡಿಲವಾಗಿ ಬಿಟ್ಟುಹೋಗಿದ್ದರು. ಹತ್ತನೆಯ ದಿನ ಬೆಳಿಗ್ಗೆ ಆ ಸಡಿಲ ಬಲೆಯಲ್ಲಿ ನಾಲ್ಕಡಿ ಉದ್ದದ ಕೇರೆ ಹಾವೊಂದು ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಮುಂದಕ್ಕೆ ನುಗ್ಗಿದಷ್ಟೂ ದಾರ ಹುರುಪೆಯ ಅಡಿಗೆ ಇಳಿದು ಮಾಂಸವನ್ನು ಕೊಯ್ದಿತ್ತು. ಹಾವು ಹಿಡಿಯುವವರೊಬ್ಬರು ಬಂದು, ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆಯನ್ನು ಕತ್ತರಿಸಿ ಬಿಡಿಸಿದರು. ಹಕ್ಕಿ ಉಳಿಸಲು ಹೋಗಿ ಹಾವಿಗೆ ಉರುಳು ಹಾಕಿದಂತಾಯಿತು. ನೆಲಮಟ್ಟದಲ್ಲಿ ನೈಲಾನ್ ಬಲೆಯನ್ನು ದಯವಿಟ್ಟು ಯಾರೂ ಕಟ್ಟಿಸಬೇಡಿ. ಅಲ್ಲದೆ ಗುಂಡ ಅಷ್ಟರಲ್ಲಾಗಲೇ ಇನ್ನೊಂದು ಮೂಲೆಯಲ್ಲಿ ತನ್ನ ತಲೆ ತೂರುವಷ್ಟು ಕಡಿದಿದ್ದ.

ಹೀಗಾಗಿ ಕೊನೆಗೆ ಗ್ರಿಲ್ ಕೆಲಸ ಮಾಡುವ ಒಂದು ಅಂಗಡಿಗೆ ಹೋದೆ. ಅಡುಗೆಮನೆಯ ಹಿಂಗೋಡೆಗೆ ಹೊಂದಿಕೊಂಡಂತೆ 12 ಅಡಿ ಉದ್ದ, 6 ಅಡಿ ಅಗಲ, 8 ಅಡಿ ಎತ್ತರ. ಒಂದು ಇಂಚಿನ ಸ್ಕ್ವೇರ್ ಪೈಪಿನ ಚೌಕಟ್ಟು, ಒಂದು ಇಂಚು ಕಣ್ಣಿನ ಜಿ.ಐ. ವೆಲ್ಡ್ ಮೆಶ್ (ಸತು ಲೇಪಿಸಿದ, ಬೆಸೆದ ತಂತಿ ಜಾಲರಿ), ಮೇಲ್ಭಾಗಕ್ಕೂ ಅದೇ ಜಾಲರಿ. ಅಳತೆ ತೆಗೆದುಕೊಳ್ಳಲು ಬಂದವರು “ಬೆಕ್ಕಿಗೂ ಜೈಲು ಕಟ್ಟಿಸ್ತೀರಾ ಮೇಡಂ?” ಎಂದು ನಕ್ಕರು. ಒಟ್ಟು ಖರ್ಚು 32,000 ರೂಪಾಯಿ ಬಂತು. ಅಡುಗೆಮನೆಯ ಕಿಟಕಿಯ ಕೆಳಗಿನ ಒಂದು ಗಾಜನ್ನು ತೆಗೆಸಿರುವುದರಿಂದ ಗುಂಡ ತನಗೆ ಬೇಕೆನಿಸಿದಾಗ ಹೊರಗೆ ಹೋಗಿ ಬರುತ್ತಾನೆ. ಹೊರಗೆ ಎಂದರೆ ಈಗ ಜಾಲರಿಯ ಒಳಗೆ.

ಕೆಲಸದ ಗುಣಮಟ್ಟ ಒಟ್ಟಾರೆ ಚೆನ್ನಾಗಿದೆ: ಚೌಕಟ್ಟು ಅಲುಗುವುದಿಲ್ಲ, ಕಳೆದ ಮಳೆಗಾಲದಲ್ಲಿ ಸೀಬೆ ಕೊಂಬೆಯೊಂದು ಮೇಲೆ ಮುರಿದುಬಿದ್ದರೂ ಜಾಲರಿ ಜಗ್ಗಲಿಲ್ಲ. ಲೋಪಗಳು ಕಂಡದ್ದು ಬಳಕೆಯಲ್ಲಿ. ಕತ್ತರಿಸಿದ ತಂತಿಯ ತುದಿಗಳನ್ನು ಒಳಮುಖವಾಗಿ ಬಿಟ್ಟಿದ್ದರಿಂದ ಮೊದಲ ವಾರವೇ ಗುಂಡನ ಕಿವಿ ಗೀರಿತು. ಅರ ಹಿಡಿದು ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಗುಡಿಸಲು ಹೋಗಿ ಬರಲು ಇದ್ದ ಒಂದೇ ಬಾಗಿಲಿನಿಂದ ಅವನು ನನ್ನ ಕಾಲಿನ ಸಂದಿಯಲ್ಲಿ ನುಸುಳಿ ಎರಡು ಬಾರಿ ತಪ್ಪಿಸಿಕೊಂಡ. ಆಮೇಲೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಇನ್ನೊಂದು ಬಾಗಿಲು ಇಡಿಸಿದೆ. ಅದಕ್ಕೆ ಬೇರೆ 2,800 ರೂಪಾಯಿ. ಒಂದು ಇಂಚಿನ ಕಣ್ಣಿನಲ್ಲಿ ಹಾವುರಾಣಿಗಳು ಸಲೀಸಾಗಿ ಒಳಗೆ ಬಂದು ಎರಡು ಸತ್ತವು. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ಜಾಲರಿಯನ್ನು ಮೊದಲೇ ಕೇಳಿ ಹಾಕಿಸಿಕೊಂಡರೆ ಈ ತೊಂದರೆಯಿರುವುದಿಲ್ಲ. ಇದು ಅಂಗಡಿಯವರ ತಪ್ಪಲ್ಲ, ನನಗೇ ತೋಚಿರಲಿಲ್ಲ.

ಹಿತ್ತಲಿನ ಹಕ್ಕಿಗಳ ಲೆಕ್ಕದಲ್ಲಿ ನೋಡಿದರೆ ಫಲಿತಾಂಶ ಸ್ಪಷ್ಟವಾಗಿದೆ: ಹದಿನಾಲ್ಕು ತಿಂಗಳಲ್ಲಿ ಹೊಸ್ತಿಲಿಗೆ ಒಂದು ಹಕ್ಕಿಯೂ ಬಂದಿಲ್ಲ. ಬೆಕ್ಕಿನ ಲೆಕ್ಕದಲ್ಲಿ ನೋಡಿದರೆ ಮೊದಲ ಮೂರು ವಾರ ಕಷ್ಟದವು, ರಾತ್ರಿಯೆಲ್ಲ ಕೂಗುತ್ತಿದ್ದ. ಅದೇ ಎಕ್ಸಿಟರ್ ಅಧ್ಯಯನದಲ್ಲಿ ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದರೆ ಬೇಟೆ ಶೇಕಡ 25ರಷ್ಟು, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟರೆ ಶೇಕಡ 36ರಷ್ಟು ಕಡಿಮೆಯಾದದ್ದು ದಾಖಲಾಗಿದೆ. ನಾನು ಅನ್ನ-ಹಾಲು ನಿಲ್ಲಿಸಿ, ದಿನಾ ಸಂಜೆ ತೆಂಗಿನ ಗರಿಯ ಕಡ್ಡಿಗೆ ಚಿಂದಿ ಕಟ್ಟಿ ಆಡಿಸತೊಡಗಿದ ಮೇಲೆ ಕೂಗು ನಿಂತಿತು. ಈಗ ಮೇಲಿನ ಹಲಗೆಯ ಮೇಲೆ ಕುಳಿತು, ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ನೋಡುತ್ತಾ ಹಲ್ಲು ಕಟಕಟಿಸುತ್ತಾನೆ, ಅಷ್ಟೆ. ಸೂರಕ್ಕಿಗೂ ಅದು ಅಭ್ಯಾಸವಾಗಿಹೋಗಿದೆ.

ನಾಯಿಗೆ ಈ ಉಪಾಯ ನಡೆಯುವುದಿಲ್ಲ. ಆದರೂ ಪಕ್ಕದ ಮನೆಯವರು ಇದನ್ನು ನೋಡಿ, ಅದೇ ಅಂಗಡಿಯವರಿಂದ ತಮ್ಮ ಗೇಟಿನ ಅಡಿಯ ಸಂದಿಗೆ ತಗಡು ಬೆಸೆಸಿಕೊಂಡರು. ಅವರ ನಾಯಿ ಬೆಳಗಿನ ಜಾವ ಆ ಸಂದಿಯಲ್ಲಿ ನುಸುಳಿ ಕೆರೆ ಏರಿಯ ಮೇಲೆ ನವಿಲುಗಳ ಹಿಂದೆ ಓಡುತ್ತಿತ್ತು. ಬೀದಿನಾಯಿಗಳೇ ಎಲ್ಲಕ್ಕೂ ಕಾರಣ ಎನ್ನುವವರು ಹಗಲು ಕಟ್ಟಿಹಾಕಿದ ತಮ್ಮ ನಾಯಿ ರಾತ್ರಿ ಎಲ್ಲಿರುತ್ತದೆಂದು ನೋಡುವುದೊಳ್ಳೆಯದು. ನಾಯಿಗಳು ವನ್ಯಜೀವಿಗಳ ಮೇಲೆ ಎರಗಿದ ಪ್ರಕರಣಗಳನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ದೇಶದ ಎಲ್ಲೆಡೆಯಿಂದ ಕಲೆಹಾಕಿದಾಗ ಅದರಲ್ಲಿ 80 ಪ್ರಭೇದಗಳಿದ್ದವು, ಅವುಗಳಲ್ಲಿ 31 ಅಳಿವಿನ ಅಪಾಯದ ಪಟ್ಟಿಗೆ ಸೇರಿದವು. ತಗಡಿಗೆ ಅವರು ಕೊಟ್ಟದ್ದು 900 ರೂಪಾಯಿ.

ಬಾಡಿಗೆ ಮನೆಯಲ್ಲಿರುವವರು ಬೆಸುಗೆ ಬೇಡವೆಂದು ಹೇಳಿ, ಬಿಡಿ ಚೌಕಟ್ಟುಗಳನ್ನು ಬೋಲ್ಟ್ ಹಾಕಿ ಜೋಡಿಸುವಂತೆ ಮಾಡಿಸಿಕೊಂಡರೆ ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಸಂತಾನಹರಣ ಮಾಡಿಸದ ಗಂಡು ಬೆಕ್ಕಿದ್ದರೆ ಮೊದಲು ಆ ಕೆಲಸವನ್ನು ಮುಗಿಸಿ. ಇಲ್ಲದಿದ್ದರೆ ಅದು ಮೂತ್ರ ಸಿಡಿಸಿ ಗುರುತು ಹಾಕುವ ಜಾಲರಿಯನ್ನು ದಿನವೂ ತೊಳೆಯಬೇಕಾದೀತು. ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬೆಸುಗೆಯ ಜಾಗಗಳಲ್ಲಿ ಆಗಲೇ ತುಕ್ಕು ಕಾಣಿಸಿಕೊಂಡಿದ್ದು, ಮಳೆ ಹಿಡಿಯುವ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದುಕೊಡುವುದಾಗಿ ಅಂಗಡಿಯವರು ಒಪ್ಪಿದ್ದಾರೆ. ಎರಡು ಭಾನುವಾರ ಕಳೆದವು, ಇನ್ನೂ ಬಂದಿಲ್ಲ.