ಅಮೆರಿಕದ ರಿಸೀವರ್ ಅಗ್ಗಕ್ಕೆ ಸಿಗ್ತಿದೆಯೇ? ಮೊದಲು ಹಿಂಬದಿಯ ಲೇಬಲ್ ಓದಿ

ಅಮೆರಿಕದಿಂದ ವಾಪಸ್ ಬರುವವರು ಮನೆ ಸಾಮಾನಿನ ಜೊತೆ ಎವಿ ರಿಸೀವರ್ (ಟಿವಿ, ಪ್ಲೇಯರುಗಳ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್), ಸಬ್‌ವೂಫರ್, ಸ್ಪೀಕರ್ ಎಲ್ಲವನ್ನೂ ಕಟ್ಟಿಕೊಂಡು ಬರುತ್ತಾರೆ. ಇಲ್ಲಿಗೆ ಬಂದ ಮೇಲೆ ಅದರಲ್ಲಿ ಅರ್ಧ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬೀಳುತ್ತದೆ. ಇಲ್ಲಿನ ಬೆಲೆಗೆ ಹೋಲಿಸಿದರೆ ಅಗ್ಗ, ನೋಡಲು ಹೊಸದರಂತೆ ಇರುತ್ತದೆ, ಜಾಹೀರಾತಿನ ಕೊನೆಗೆ ‘ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಫ್ರೀ’ ಎಂಬ ಒಂದು ಸಾಲು ಬೇರೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230; ಅದನ್ನು ಇಳಿಸಿ ಕೊಡುವ ಡಬ್ಬಿ ಅದು. ಆ ಫ್ರೀ ಡಬ್ಬಿಯೇ ತೊಂದರೆಯ ಮೂಲ.

ನಮ್ಮ ಬಳಗದ ಆಡಿಯೊ ಹವ್ಯಾಸಿಯೊಬ್ಬರಿಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಅವರು ಕೊಂಡದ್ದು ಏಳು ಸ್ಪೀಕರ್, ಎರಡು ಸಬ್‌ವೂಫರ್ ಜೋಡಿಸಬಹುದಾದ 7.2 ಚಾನೆಲ್‌ನ ಅಮೆರಿಕ ಮಾದರಿಯ ರಿಸೀವರ್. ಜೊತೆಗೆ ಬಂದ ಡಬ್ಬಿಯ ಮೇಲೆ ‘1000 ವ್ಯಾಟ್’ ಎಂದು ಬರೆದಿತ್ತು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಡಬ್ಬಿ ಸ್ವಲ್ಪ ಗುಂಯ್ ಅನ್ನುತ್ತಿತ್ತು, ಬಿಸಿಯಾಗುತ್ತಿತ್ತು, ಅಷ್ಟೆ. ಹಬ್ಬಕ್ಕೆ ಮನೆ ಗುಡಿಸಿ ಒರೆಸುವಾಗ ಟಿವಿ ಸ್ಟ್ಯಾಂಡ್ ಸರಿಸಿದರು. ವಾಪಸ್ ಜೋಡಿಸಿದವರು ರಿಸೀವರಿನ ಚಪ್ಪಟೆ ಪಿನ್ನಿನ ಪ್ಲಗ್ಗನ್ನು ನೇರ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರು. ನಮ್ಮಲ್ಲಿ ಸಿಗುವ ‘ಯುನಿವರ್ಸಲ್’ ತೂತಿನ ಬೋರ್ಡುಗಳಲ್ಲಿ ಅದು ಸಲೀಸಾಗಿ ಕೂರುತ್ತದೆ. ಪಟ್ ಎಂದು ಒಂದು ಸದ್ದು, ಸುಟ್ಟ ವಾಸನೆ. ಒಳಗಿನ ಫ್ಯೂಸ್ ಹೋಗಿತ್ತು.

ಅಲ್ಲಿಗೇ ನಿಂತಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತೇನೋ. ರಿಪೇರಿಗೆ ಕೊಟ್ಟ ಕಡೆ ಲೇಬಲ್ ಓದದೆ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಮತ್ತೆ 230 ವೋಲ್ಟ್ ಕೊಟ್ಟರು. ಈ ಸಲ ದೊಡ್ಡ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯೇ (ಕರೆಂಟು ಒಳಬರುವ ಸುರುಳಿ) ಹೋಯಿತು. ಆ ಮಾದರಿ ಭಾರತದಲ್ಲಿ ಮಾರಾಟವಾದದ್ದಲ್ಲ ಎಂದು ಸರ್ವಿಸ್ ಸೆಂಟರ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಬಿಡಿಭಾಗ ತರಿಸುವ ಖರ್ಚು ರಿಸೀವರಿನ ಬೆಲೆಗೇ ಹತ್ತಿರ ಬಂತು. ಕೊನೆಗೆ ಅದು ಗುಜರಿಗೆ ಹೋಯಿತು.

ಒಳಗೆ ಆಗುವುದೇನೆಂದರೆ, ಈಗಿನ ಬಹುತೇಕ ರಿಸೀವರುಗಳಲ್ಲಿ ಕರೆಂಟು ಎರಡು ದಾರಿಯಲ್ಲಿ ಒಳಗೆ ಹೋಗುತ್ತದೆ. ಆಂಪ್ಲಿಫೈಯರಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ರಿಮೋಟಿಗೆ ಸದಾ ಕಾದು ಕೂರುವ ಭಾಗಕ್ಕೆ ಒಂದು ಪುಟ್ಟ ಸ್ಟ್ಯಾಂಡ್‌ಬೈ ಸಪ್ಲೈ. ಆನ್ ಬಟನ್ ಒತ್ತದಿದ್ದರೂ ಪ್ಲಗ್ ಹಾಕಿದ ಕ್ಷಣದಿಂದ ಸ್ಟ್ಯಾಂಡ್‌ಬೈ ಭಾಗಕ್ಕೆ ಕರೆಂಟು ಹೋಗುತ್ತಲೇ ಇರುತ್ತದೆ. 120 ವೋಲ್ಟ್‌ಗೆಂದೇ ಮಾಡಿದ ಸಪ್ಲೈಯಲ್ಲಿ ಮೊದಲ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗ) ಸಾಮಾನ್ಯವಾಗಿ 200 ವೋಲ್ಟಿನದು. 230 ವೋಲ್ಟ್ ಎಸಿ ರೆಕ್ಟಿಫೈ ಆದರೆ, ಅಂದರೆ ಡಿಸಿಗೆ ಬದಲಾದರೆ, ಸುಮಾರು 325 ವೋಲ್ಟ್ ಡಿಸಿ. ಕೆಪಾಸಿಟರ್ ಉಬ್ಬಿ ಒಡೆಯಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ‘ಆನ್ ಮಾಡಿರಲಿಲ್ಲ, ಬರೀ ಪ್ಲಗ್ ಹಾಕಿದ್ದೆ’ ಅನ್ನುವುದು ಯಾವ ರಕ್ಷಣೆಯೂ ಅಲ್ಲ.

ಕೊಳ್ಳುವ ಮುಂಚೆ ಮಾರುವವರ ಬಳಿ ಹಿಂಬದಿಯ ಲೇಬಲ್ಲಿನ ಫೋಟೊ ಕೇಳಿ. ಮುಂಭಾಗದ್ದೂ ಬೇಡ, ಡಬ್ಬಿಯದ್ದೂ ಬೇಡ. ವೈರ್ ಒಳಹೋಗುವ ಜಾಗದ ಪಕ್ಕದಲ್ಲಿ ಎಸಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಅದು ಅಮೆರಿಕ ಅಥವಾ ಕೆನಡಾದ ಮಾಲು. 230 ವೋಲ್ಟ್ 50 ಹರ್ಟ್ಸ್, ಇಲ್ಲವೇ 220-240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ. ದುಬೈ, ಸಿಂಗಪುರದಿಂದ ತಂದವು ಸಾಮಾನ್ಯವಾಗಿ ಈ ಎರಡನೇ ಗುಂಪಿನವು, ಅವಕ್ಕೆ ಪ್ಲಗ್ಗಿನ ಆಕಾರ ಬದಲಿಸಿದರೆ ಸಾಕು. ಜಪಾನಿನಿಂದ ತಂದದ್ದಾದರೆ 100 ವೋಲ್ಟ್, ಅದು ಇನ್ನೂ ಕಷ್ಟ. ‘ಟ್ರಾವೆಲ್ ಅಡಾಪ್ಟರ್ ಹಾಕಿ ಓಡಿಸ್ತಿದ್ದೀನಿ’ ಎಂದು ಯಾರಾದರೂ ಹೇಳಿದರೆ ಲೇಬಲ್ಲನ್ನು ಎರಡು ಸಲ ನೋಡಿ. ಆ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ‘ಒಳಗೆ ವೈರ್ ಬದಲಿಸಿದರೆ 230ಕ್ಕೆ ಓಡುತ್ತೆ’ ಅನ್ನುವವರೂ ಇದ್ದಾರೆ. ಅಮೆರಿಕ ಮಾದರಿಯ ಟ್ರಾನ್ಸ್‌ಫಾರ್ಮರಿನಲ್ಲಿ ಸಾಮಾನ್ಯವಾಗಿ ಒಂದೇ ಪ್ರೈಮರಿ ಇರುತ್ತದೆ, ಬದಲಿಸಲು ಏನೂ ಇರುವುದಿಲ್ಲ. ಸರ್ವಿಸ್ ಮ್ಯಾನುಯಲ್ಲಿನ ಸರ್ಕ್ಯೂಟ್ ನೋಡದೆ ಯಾರನ್ನೂ ಒಳಗೆ ಕೈ ಹಾಕಲು ಬಿಡಬೇಡಿ.

ಇನ್ನು ಫ್ರೀ ಡಬ್ಬಿ. ಅಂಗಡಿಗಳಲ್ಲಿ ಸ್ಟೆಪ್ ಡೌನ್ ಹೆಸರಿನಲ್ಲಿ ಸಿಗುವ ಅಗ್ಗದವು ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುರುಳಿ, ನಡುವಿನಿಂದ ಒಂದು ತಂತಿ ಎಳೆದು 110 ಎಂದು ಕೊಟ್ಟಿರುತ್ತಾರೆ. ಅದರ ಕೆಳಭಾಗದ ಸುರುಳಿ ಎಲ್ಲಾದರೂ ತುಂಡಾದರೆ, ಅಥವಾ ಬೆಸುಗೆ ಬಿಟ್ಟರೆ, ಪೂರ್ತಿ 230 ವೋಲ್ಟ್ ಮೇಲಿನ ಸುರುಳಿಯ ಮೂಲಕ ರಿಸೀವರಿಗೆ ನುಗ್ಗುತ್ತದೆ. ತಡೆಯಲು ಮಧ್ಯೆ ಏನೂ ಇಲ್ಲ. ಬಿಸಿಯಾಗಿ ಬಿಸಿಯಾಗಿ ಬೆಸುಗೆ ಬಿಡುವುದು ಅಪರೂಪವೂ ಅಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ಪ್ಲಗ್ ತಪ್ಪದಿದ್ದರೂ ಆ ಡಬ್ಬಿ ಒಂದಲ್ಲ ಒಂದು ದಿನ ಇದೇ ಕೆಲಸ ಮಾಡುತ್ತಿತ್ತು: ಬಿಚ್ಚಿ ನೋಡಿದಾಗ ನಡುವಿನ ತಂತಿಯ ಬೆಸುಗೆ ಕಪ್ಪಾಗಿತ್ತು.

ಬೇಕಾದ್ದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಒಳಬರುವ ಸುರುಳಿ ಬೇರೆ, ಹೊರಹೋಗುವ ಸುರುಳಿ ಬೇರೆ, ಒಂದು ತುಂಡಾದರೆ ಹೊರಗೆ ಬರುವುದು ಸೊನ್ನೆ. ಯಾವುದು ಯಾವುದೆಂದು ತಿಳಿಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಪ್ಲಗ್ ಕಿತ್ತಿಡಿ. ಡಬ್ಬಿಗೆ ಸ್ವಿಚ್ ಇದ್ದರೆ ಆನ್ ಸ್ಥಿತಿಗೆ ತನ್ನಿ. ಮೀಟರನ್ನು ಓಮ್ಸ್‌ಗೆ ತಿರುಗಿಸಿ, ಒಂದು ಮೊನೆಯನ್ನು ಒಳಬರುವ ಪ್ಲಗ್ಗಿನ ಪಿನ್ನಿಗೂ ಇನ್ನೊಂದನ್ನು 110ರ ಸಾಕೆಟ್ಟಿನ ತೂತಿಗೂ ಮುಟ್ಟಿಸಿ. ಅರ್ಥಿಂಗ್ ಬಿಟ್ಟು ಎರಡು ಪಿನ್ನು, ಎರಡು ತೂತು, ಒಟ್ಟು ನಾಲ್ಕು ಜೋಡಿ. ಎಲ್ಲದರಲ್ಲೂ ಮೀಟರ್ ‘ಓಪನ್’ (ಸಂಪರ್ಕವಿಲ್ಲ) ತೋರಿಸಿದರೆ ಐಸೊಲೇಷನ್. ಕೆಲವೇ ಓಮ್ ತೋರಿಸಿದರೆ ಆಟೋ, ಬಿಟ್ಟುಬಿಡಿ. ತೂಕವೂ ಸುಳಿವು ಕೊಡುತ್ತದೆ. ನಿಜವಾದ 1 ಕೆವಿಎ (1000 ವಿಎ; ವಿಎ ಅಂದರೆ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸುಮಾರು 8ರಿಂದ 12 ಕೆಜಿ ಇರುತ್ತದೆ. ಒಂದೇ ಕೈಯಲ್ಲಿ ಆರಾಮಾಗಿ ಎತ್ತುವ ‘1000 ವ್ಯಾಟ್’ ಡಬ್ಬಿಯ ಮೇಲಿನ ಬರಹ ಬರೀ ಬರಹ.

ಎಷ್ಟು ದೊಡ್ಡದು ಬೇಕು? ಜಾಹೀರಾತಿನ ವ್ಯಾಟ್ ನೋಡಬೇಡಿ. ಚಾನೆಲ್ಲಿಗೆ 165 ವ್ಯಾಟ್, ಏಳು ಚಾನೆಲ್ ಎಂದರೆ 1155 ವ್ಯಾಟ್, ಆದರೆ ಅದೇ ಯಂತ್ರದ ಹಿಂಬದಿಯಲ್ಲಿ ಗೋಡೆಯಿಂದ ಎಳೆಯುವುದು 500 ವ್ಯಾಟ್ ಎಂದಿರುತ್ತದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಮೊದಲನೆಯದು ಒಂದೇ ಚಾನೆಲ್ ಓಡಿಸಿ, 6 ಓಮ್‌ನಲ್ಲಿ, 1 ಕಿಲೋಹರ್ಟ್ಸ್‌ಗೆ, ಸದ್ದಿನ ಹೆಚ್ಚು ವಿರೂಪವನ್ನು ಒಪ್ಪಿಕೊಂಡು ಅಳೆದ ಅಂಕಿ. ಟ್ರಾನ್ಸ್‌ಫಾರ್ಮರಿಗೆ ಲೆಕ್ಕ ಹಿಂಬದಿಯ ಅಂಕಿಯದ್ದು, ಅದರ ಎರಡರಷ್ಟು ವಿಎ ಇರಲಿ. 500 ವ್ಯಾಟ್ ಎಂದಿದ್ದರೆ 1 ಕೆವಿಎ. ದುಪ್ಪಟ್ಟು ಏಕೆಂದರೆ ರಿಸೀವರ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಪ್ರತಿ ಅಲೆಯ ತುದಿಯಲ್ಲಿ ಒಮ್ಮೆಲೇ ಎಳೆಯುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಆ ಹೊತ್ತಿಗೆ ವೋಲ್ಟೇಜು ಕುಸಿಯುತ್ತದೆ. ಸಿನಿಮಾದಲ್ಲಿ ಸ್ಫೋಟದ ದೃಶ್ಯ ಬಂದಾಗ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುವುದಕ್ಕೆ ಇದೂ ಒಂದು ಕಾರಣ. 4 ಓಮ್ ಸ್ಪೀಕರ್ ಹಾಕಿದ್ದರೆ ಇನ್ನೂ ಬೇಗ.

ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬುದರ ಬಗ್ಗೆ ಮಾರುವವರು ಬಾಯಿಯೇ ಬಿಡುವುದಿಲ್ಲ. ವೋಲ್ಟೇಜನ್ನು ಇಳಿಸಬಹುದು, ಆದರೆ ನಮ್ಮ 50 ಹರ್ಟ್ಸ್ ಯಾವ ಟ್ರಾನ್ಸ್‌ಫಾರ್ಮರಿನಿಂದಲೂ 60 ಆಗುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಹರಿಯುವ ಫ್ಲಕ್ಸ್ (ಕಾಂತ ಪ್ರವಾಹ) ವೋಲ್ಟೇಜನ್ನು ಹರ್ಟ್ಸ್‌ನಿಂದ ಭಾಗಿಸಿದ ಅಂಕಿಗೆ ತಕ್ಕಂತೆ ಇರುತ್ತದೆ. ಅಮೆರಿಕದಲ್ಲಿ 120/60 ಅಂದರೆ 2. ಇಲ್ಲಿ 120/50 ಅಂದರೆ 2.4, ಶೇಕಡಾ 20 ಹೆಚ್ಚು. ರಿಸೀವರಿನ ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು, ಸುಮ್ಮನೆ ಇದ್ದಾಗಲೂ ಮುಚ್ಚಳ ಬಿಸಿಯಾಗುವುದು ಇದರಿಂದಲೇ. ವೋಲ್ಟೇಜು ಸ್ವಲ್ಪ ತಗ್ಗಿಸುವುದೇ ಮದ್ದು: 105 ವೋಲ್ಟ್ ಕೊಟ್ಟರೆ 105/50 ಅಂದರೆ 2.1. ಔಟ್‌ಪುಟ್ ಜೋರು ಸ್ವಲ್ಪ ತಗ್ಗುತ್ತದೆ, ಮನೆಯ ಹಾಲ್‌ನಲ್ಲಿ ಅದು ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದ ಆರ್ಡರ್ ಕೊಟ್ಟು ಸುತ್ತಿಸುವಾಗ 105 ಮತ್ತು 110 ಎರಡು ಟ್ಯಾಪಿಂಗ್ (ಸುರುಳಿಯಿಂದ ಹೊರತೆಗೆದ ತಂತಿ) ಹಾಕಿಸಿ, 105ರಲ್ಲಿ ಓಡಿಸಿ. 120ರ ಟ್ಯಾಪಿಂಗ್ ಬೇಡವೇ ಬೇಡ. ಗೋಡೆಯ ವೋಲ್ಟೇಜು ಏರಿದರೆ ಇದೂ ಅದೇ ಪ್ರಮಾಣದಲ್ಲಿ ಏರುತ್ತದೆ. 230 ಇರಬೇಕಾದದ್ದು ರಾತ್ರಿ 253 ಆದರೆ 120ರ ಟ್ಯಾಪಿಂಗಿನಲ್ಲಿ 132 ಬರುತ್ತದೆ, 105ರದ್ದರಲ್ಲಿ ಸುಮಾರು 115. ಸುರುಳಿ ತಾಮ್ರದ್ದೇ ಇರಲಿ, ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿ. ಅಲ್ಯೂಮಿನಿಯಂ ಸುತ್ತಿ ತಾಮ್ರದ ದುಡ್ಡು ತೆಗೆದುಕೊಳ್ಳುವುದು ಹಳೇ ಚಾಳಿ.

ಎರಡೂ ಕಡೆ ಫ್ಯೂಸ್ ಹಾಕಿಸಿ. 110ರ ಕಡೆಯ ಫ್ಯೂಸಿನ ನಂತರ ಎರಡು ತಂತಿಗಳ ನಡುವೆ 150 ವೋಲ್ಟ್ ಎಸಿಯ, 20 ಎಂಎಂ ಎಂಒವಿ (ಹೆಚ್ಚು ವೋಲ್ಟೇಜು ಬಂದಾಗ ಕರೆಂಟು ಹಾಯಗೊಡುವ ಪುಟ್ಟ ಬಿಲ್ಲೆ) ಒಂದನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದರೆ, ತಪ್ಪಿ ಹೆಚ್ಚು ವೋಲ್ಟೇಜು ಬಂದರೂ ಅದು ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತದೆ. ಕೆಲವೇ ರೂಪಾಯಿಯ ಭಾಗ. ಇಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಅದರಲ್ಲೂ ಟೊರಾಯ್ಡಲ್ (ಬಳೆಯಾಕಾರದ್ದು) ಆದರೆ, ಸ್ವಿಚ್ ಹಾಕಿದ ಕ್ಷಣ ಸಣ್ಣ ಎಂಸಿಬಿಯನ್ನು ಬೀಳಿಸಬಹುದು. 16 ಆಂಪಿಯರ್ ಸಾಕೆಟ್ಟು, ಕ್ಷಣಿಕ ಎಳೆತ ತಾಳುವ ಸಿ ಕರ್ವ್ ಎಂಸಿಬಿ ಇರುವ ಲೈನಿಗೆ ಕೊಡಿ. ಮನೆಯ ಇನ್ವರ್ಟರ್ ಲೈನಿಗೆ ಮಾತ್ರ ಕೊಡಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರಂತೂ ಎರಡೂ ಟ್ರಾನ್ಸ್‌ಫಾರ್ಮರ್ ಒಟ್ಟಿಗೆ ಕೂಗುತ್ತವೆ.

ಈಗ ಪ್ಲಗ್ಗಿನ ವಿಚಾರ. ರಿಸೀವರನ್ನು ಕೊಂದದ್ದು ಇದೇ ತಾನೆ. ಅಮೆರಿಕದ ಪ್ಲಗ್ಗನ್ನು ಹಾಗೇ ಬಿಡಬೇಡಿ. ವೈರ್ ಕತ್ತರಿಸಿ ಟ್ರಾನ್ಸ್‌ಫಾರ್ಮರಿನ ಒಳಗಿನ ಟರ್ಮಿನಲ್ಲಿಗೇ ನೇರ ಕಟ್ಟಿಸಿಬಿಡಿ. ಪ್ಲಗ್ಗೇ ಇಲ್ಲದಿದ್ದರೆ ತಪ್ಪು ಬೋರ್ಡಿಗೆ ಹಾಕುವ ಪ್ರಶ್ನೆಯೂ ಇಲ್ಲ. ವೈರ್ ಬಿಚ್ಚಿ ತೆಗೆಯುವಂಥ ಮಾದರಿಯಾದರೆ ವೈರನ್ನು ರಿಸೀವರಿನ ಕಡೆಗೂ ಕೇಬಲ್ ಟೈ ಹಾಕಿ ಬಿಗಿದು, ಪಕ್ಕದಲ್ಲಿ ‘110 ವೋಲ್ಟ್ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕನ್ನಡದಲ್ಲೇ ಬರೆಯಿರಿ. ಗುಡಿಸುವವರು, ಕೇಬಲ್‌ನವರು, ಊರಿಂದ ಬಂದ ಚಿಕ್ಕಪ್ಪ, ಎಲ್ಲರೂ ಓದುವಂತಿರಲಿ.

ಇಷ್ಟೆಲ್ಲ ಒಪ್ಪಿಗೆಯಾದರೆ ಮಾತ್ರ ಮಾರುವವರ ಮನೆಗೆ ಹೋಗಿ, ಹೋದಾಗ ಕನಿಷ್ಠ 45 ನಿಮಿಷ ಓಡಿಸಿ. ಹಳೇ ರಿಸೀವರಿನ ಎಚ್‌ಡಿಎಂಐ ಬೋರ್ಡ್ ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಚಿತ್ರ ಕಳೆದುಕೊಳ್ಳುವುದುಂಟು. ಒಂದೊಂದು ಇನ್‌ಪುಟ್ಟನ್ನೂ ನೋಡಿ, ಟೆಸ್ಟ್ ಟೋನ್ ಹಾಕಿ ಎಲ್ಲ ಚಾನೆಲ್ ಕೇಳಿ. ಸ್ಪೀಕರ್ ವೈರ್ ತೆಗೆದು, ಏನೂ ಹಾಡಿಸದೆ, ಪ್ರತಿ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ಕೋಣೆಗೆ ತಕ್ಕಂತೆ ಸದ್ದು ಹೊಂದಿಸುವ ಕ್ಯಾಲಿಬ್ರೇಷನ್ ಮೈಕ್ ಕೇಳಿ ಪಡೆಯಿರಿ, ಕಳೆದಿದೆ ಎಂದರೆ ಬೆಲೆ ಇಳಿಸಿ. ಬೇರೆ ಯಾವುದೋ ಮೈಕ್ ಹಾಕಿದರೆ ಅಳತೆ ತಪ್ಪುತ್ತದೆ. 2014ಕ್ಕಿಂತ ಹಳೆಯದಾದರೆ ಎಚ್‌ಡಿಸಿಪಿ 2.2 (4ಕೆ ಚಿತ್ರ ನಕಲಾಗದಂತೆ ಕಾಯುವ ಬೀಗ) ಇರುವುದಿಲ್ಲ, ಒಟಿಟಿಯ 4ಕೆ ಚಿತ್ರ ಅದರ ಮೂಲಕ ಹಾಯುವುದಿಲ್ಲ. ಆಗ ಸ್ಟ್ರೀಮಿಂಗ್ ಡಬ್ಬಿಯನ್ನು ಟಿವಿಗೆ ಹಾಕಿ ಸದ್ದನ್ನಷ್ಟೇ ಎಚ್‌ಡಿಎಂಐ ವೈರಿನಲ್ಲೇ ಟಿವಿಯಿಂದ ವಾಪಸ್ ಕಳಿಸುವ ಎಆರ್‌ಸಿಯಲ್ಲಿ ರಿಸೀವರಿಗೆ ತರಬೇಕು. ಡಿಸ್ಕಿನ ಪೂರ್ಣ ಗುಣಮಟ್ಟದ ಸದ್ದಾದ ಟ್ರೂಎಚ್‌ಡಿ ಆ ದಾರಿಯಲ್ಲಿ ಬರುವುದಿಲ್ಲ, ಅದಕ್ಕೆ ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಬೇಕು.

ಅದೇ ಗಂಟಿನಲ್ಲಿ ಬರುವ ಬೇರೆ ಸಾಮಾನಿನ ಕತೆ ಬೇರೆ. ಪ್ಯಾಸಿವ್ (ಒಳಗೆ ಆಂಪ್ಲಿಫೈಯರ್ ಇಲ್ಲದ) ಸ್ಪೀಕರಿಗೆ ಕರೆಂಟೇ ಬೇಡ, ಧೈರ್ಯವಾಗಿ ಕೊಳ್ಳಿ, ಕೋನಿನ ಸುತ್ತಲ ಫೋಮ್ ಪುಡಿಯಾಗಿಲ್ಲವೇ ಎಂದು ಬೆರಳಲ್ಲಿ ಒತ್ತಿ ನೋಡಿ. ಪ್ರೊಜೆಕ್ಟರುಗಳು ಹೆಚ್ಚಾಗಿ 100-240 ವೋಲ್ಟಿನವು. ಸಬ್‌ವೂಫರಿನ ಹಿಂದೆ 115/230 ಸ್ವಿಚ್ ಇದ್ದರೆ ಅದೃಷ್ಟ, ಆದರೆ ಸ್ವಿಚ್ ತಿರುಗಿಸಿ ಸುಮ್ಮನಾಗಬೇಡಿ: ಫ್ಯೂಸನ್ನೂ 230ಕ್ಕೆ ಬರೆದಿರುವ ಆಂಪಿಯರಿಗೆ ಬದಲಿಸಿ, ಅದು ಸುಮಾರು ಅರ್ಧ ಇರುತ್ತದೆ. ಮೂರು ಪಿನ್ನಿನ ಸಬ್‌ವೂಫರ್ ಟ್ರಾನ್ಸ್‌ಫಾರ್ಮರ್ ಮೇಲೆ ಓಡುವುದಾದರೆ ಗೋಡೆಯ ಅರ್ಥಿಂಗ್ ಅಲ್ಲಿಯವರೆಗೂ ಮುಂದುವರಿದಿರಬೇಕು. ಅಮೆರಿಕದ ಬ್ಲೂ-ರೇ ಪ್ಲೇಯರಿನದು ಎ ವಲಯ (ಯಾವ ದೇಶಗಳ ಡಿಸ್ಕು ಓಡುತ್ತದೆ ಎಂಬ ಗುರುತು), ಭಾರತದ್ದು ಸಿ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಮಾತ್ರ ವಲಯದ ಕಾಟವಿಲ್ಲ. ಎಸಿ ಸಿಂಕ್ರೊನಸ್ (ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ತಿರುಗುವ) ಮೋಟಾರಿನ ಟರ್ನ್‌ಟೇಬಲ್ ಆದರೆ ಟ್ರಾನ್ಸ್‌ಫಾರ್ಮರ್ ಇದ್ದೂ ಪ್ರಯೋಜನವಿಲ್ಲ. 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದದ್ದು ಸುಮಾರು 27.8ರಲ್ಲಿ ತಿರುಗಿ ಎಲ್ಲ ಹಾಡೂ ಶ್ರುತಿ ಇಳಿದು ಕೇಳಿಸುತ್ತದೆ. ರೇಡಿಯೊ ಕೇಳುವವರಿಗೆ ಒಂದು ಮಾತು: ಅಮೆರಿಕದ ಟ್ಯೂನರ್ ಎಎಂನಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತದೆ, ನಮ್ಮದು 9. ಬೆಂಗಳೂರು ಆಕಾಶವಾಣಿಯ 612ಕ್ಕೆ ಅದು 610ರಲ್ಲೋ 620ರಲ್ಲೋ ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ಈ ಹೆಜ್ಜೆ ಬದಲಿಸುವ ಸೆಟ್ಟಿಂಗ್ ಇರುತ್ತದೆ, ಮ್ಯಾನುಯಲ್ ನೋಡಿ.